ಹೊಸ ಪೆಟ್ ಟ್ರೇಸರ್ ಪ್ರಯೋಗಕ್ಕೆ ಕರೆದಿದ್ದಾರೆ: ಆರ್ಟರಿಗೆ ಟ್ಯೂಬ್ ಯಾಕೆ, ರಿಪೋರ್ಟ್ ಯಾಕಿಲ್ಲ?

ಹೊಂಗೆನೆರಳು:
ಮಿದುಳಿನ ರಿಸೆಪ್ಟರ್‌ಗಳನ್ನು (ರಾಸಾಯನಿಕ ಸಂದೇಶ ಹಿಡಿಯುವ ಪ್ರೋಟೀನುಗಳನ್ನು) ನೋಡುವ ಹೊಸ ಪೆಟ್ ಟ್ರೇಸರ್ (ಪೆಟ್ ಸ್ಕ್ಯಾನ್‌ನಲ್ಲಿ ಕಾಣಲೆಂದು ಚುಚ್ಚುವ, ವಿಕಿರಣ ಸೂಸುವ ವಸ್ತು) ಒಂದರ ಪ್ರಯೋಗಕ್ಕೆ ವಾಲಂಟಿಯರ್ ಆಗ್ತೀರಾ ಅಂತ ಕೇಳಿದ್ದಾರೆ. ನನಗೆ ಯಾವ ಕಾಯಿಲೆಯೂ ಇಲ್ಲ, ಯಾವ ಮಾತ್ರೆಯನ್ನೂ ತಗೊಳ್ಳುವುದಿಲ್ಲ. ಅವರಿಗೆ ಅಂಥವರೇ ಬೇಕಂತೆ. ಒಪ್ಪಿಗೆ ಪತ್ರ ಮನೆಗೆ ತಂದು ಪೂರ್ತಿ ಓದಿದೆ. ವಿಕಿರಣದ ಲೆಕ್ಕ, ಎಂಆರ್‌ಐ, ಒಂದೂವರೆ ಗಂಟೆ ತಲೆ ಅಲ್ಲಾಡಿಸದೆ ಮಲಗುವುದು, ಇದೆಲ್ಲ ಸರಿ ಅನ್ನಿಸಿತು. ಆದರೆ ಒಂದು ಕೈಗೆ ಮಾಮೂಲಿ ಡ್ರಿಪ್ ಸೂಜಿ, ಇನ್ನೊಂದು ಕೈಯ ಮಣಿಕಟ್ಟಿನಲ್ಲಿ, ಅಂದರೆ ನಾಡಿ ಹಿಡಿದು ನೋಡುವ ಜಾಗದಲ್ಲಿ, ಆರ್ಟರಿಗೇ (ಹೃದಯದಿಂದ ರಕ್ತ ತರುವ ನಾಳಕ್ಕೇ) ಟ್ಯೂಬ್ ಹಾಕುತ್ತೇವೆ ಅಂತ ಬರೆದಿದ್ದಾರೆ. ಸ್ಕ್ಯಾನ್‌ನಲ್ಲೇ ಎಲ್ಲ ಕಾಣುವುದಾದರೆ ರಕ್ತ ಯಾಕೆ ತೆಗೆಯಬೇಕು? ಇನ್ನೊಂದು, ವೈಯಕ್ತಿಕ ರಿಪೋರ್ಟ್ ಕೊಡುವುದಿಲ್ಲ ಅಂತಲೂ ಇದೆ. ನನ್ನ ಮಿದುಳು ಹೇಗಿದೆ ಅಂತ ನನಗೇ ಹೇಳಲ್ಲ ಅಂದ್ರೆ ಹೇಗೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಪ್ಲಾಸ್ಮಾ:
ಪೆಟ್ ಸೆಂಟರ್ ಒಂದರಲ್ಲಿ ಈ ರಕ್ತದ ಸ್ಯಾಂಪಲ್ ನೋಡುವುದೇ ನನ್ನ ಕೆಲಸ. ಹಾಗಾಗಿ ಆರ್ಟರಿ ವಿಷಯಕ್ಕೆ ಮೊದಲು ಬರುತ್ತೇನೆ.

ಕ್ಯಾಮೆರಾಗೆ ಕಾಣುವುದು ವಿಕಿರಣ ಮಾತ್ರ, ರಿಸೆಪ್ಟರ್ ಅಲ್ಲ. ಮಿದುಳಿನ ಒಂದು ಭಾಗ ಹೊಳೆದರೆ ಅಲ್ಲಿ ರಿಸೆಪ್ಟರ್ ಜಾಸ್ತಿ ಇರಬಹುದು, ಅಥವಾ ಅಲ್ಲಿಗೆ ರಕ್ತ ಜಾಸ್ತಿ ಹರಿದಿರಬಹುದು, ಅಥವಾ ಟ್ರೇಸರ್ ಸುಮ್ನೆ ಅಲ್ಲಿನ ಕೊಬ್ಬಿನಂಶಕ್ಕೆ ಅಂಟಿಕೊಂಡಿರಬಹುದು. ಈ ಮೂರನ್ನು ಬೇರೆ ಮಾಡಬೇಕಾದರೆ ಕ್ಷಣಕ್ಷಣಕ್ಕೂ ಮಿದುಳಿಗೆ ಎಷ್ಟು ಟ್ರೇಸರ್ ತಲುಪಿತು ಅಂತ ಗೊತ್ತಿರಬೇಕು. ಅದನ್ನು ಹೇಳುವುದು ಆರ್ಟರಿಯ ರಕ್ತ. ಇಂಜೆಕ್ಷನ್ ಕೊಟ್ಟ ಮೊದಲ ಒಂದೆರಡು ನಿಮಿಷ ಕೆಲವೇ ಸೆಕೆಂಡಿಗೊಂದು ಸ್ಯಾಂಪಲ್ ತೆಗೆಯುತ್ತಾರೆ, ಆಮೇಲೆ ನಿಧಾನ. ತೋಳಿನ ವೇನ್‌ಗೆ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಕ್ಕೆ) ಬರುವ ಹೊತ್ತಿಗೆ ರಕ್ತ ಕೈಯನ್ನೆಲ್ಲ ಸುತ್ತಿ ಬಂದಿರುತ್ತದೆ, ಆ ಮೊದಲ ಏರಿಳಿತ ಅಲ್ಲಿ ಸರಿಯಾಗಿ ಸಿಗುವುದಿಲ್ಲ.

ಸಮಸ್ಯೆ ಅಷ್ಟಕ್ಕೇ ಮುಗಿಯುವುದಿಲ್ಲ. ಲಿವರ್ ಈ ಟ್ರೇಸರನ್ನು ಒಡೆಯುತ್ತಾ ಹೋಗುತ್ತದೆ. ಒಡೆದ ತುಂಡುಗಳಲ್ಲೂ ವಿಕಿರಣ ಇರುತ್ತದಲ್ವಾ, ಅದಕ್ಕೇ ನಾವು ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲಾಸ್ಮಾ (ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವ) ಬೇರೆ ಮಾಡಿ, ಅದರಲ್ಲಿ ಒಡೆಯದ ಟ್ರೇಸರ್ ಎಷ್ಟು ಉಳಿದಿದೆ ಅಂತ ಅಳೆಯುತ್ತೇವೆ. ಟ್ರೇಸರ್‌ನಲ್ಲಿ ವಿಕಿರಣ ಸೂಸುವ ಪರಮಾಣು ಕಾರ್ಬನ್-11 ಆದರೆ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಸಮಯ, ಸುಮಾರು 20 ನಿಮಿಷ. 80 ನಿಮಿಷ ಕಳೆದರೆ ಹದಿನಾರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಸ್ಯಾಂಪಲ್ ಎತ್ತಿಟ್ಟು ನಾಳೆ ನೋಡೋಣ ಅನ್ನುವ ಹಾಗಿಲ್ಲ. ಫ್ಲೋರಿನ್-18 ಆದರೆ 110 ನಿಮಿಷ, ಸ್ವಲ್ಪ ಉಸಿರಾಡಬಹುದು.

ಎಲ್ಲ ಟ್ರೇಸರ್‌ಗೂ ಕೊನೆಯವರೆಗೆ ಈ ಟ್ಯೂಬ್ ಬೇಕಾಗುವುದಿಲ್ಲ. ಡೋಪಮಿನ್ (ಮಿದುಳಿನಲ್ಲಿ ಸಂದೇಶ ಒಯ್ಯುವ ಒಂದು ರಾಸಾಯನಿಕ) ಹಿಡಿಯುವ ಡಿ2 ರಿಸೆಪ್ಟರ್ ನೋಡುವ ರಾಕ್ಲೋಪ್ರೈಡ್ ಅನ್ನುವ ಟ್ರೇಸರ್ ತಗೊಳ್ಳಿ. ಹಿಂಮಿದುಳಿನ ಸೆರೆಬೆಲಮ್‌ನಲ್ಲಿ ಆ ರಿಸೆಪ್ಟರ್ ಬಹಳ ಕಡಿಮೆ, ಹಾಗಾಗಿ ಅದಕ್ಕೆ ಹೋಲಿಸಿಯೇ ಲೆಕ್ಕ ಹಾಕಬಹುದು, ರಕ್ತ ಬೇಡ. ಆದರೆ ಹೊಸ ಟ್ರೇಸರ್‌ಗೆ ಅಂಥ ಜಾಗ ಇದೆಯಾ ಅಂತ ಮೊದಲು ತೋರಿಸಬೇಕು, ಅದನ್ನು ತೋರಿಸುವುದಕ್ಕೆ ಆರ್ಟರಿ ರಕ್ತವೇ ಬೇಕು. ನಿಮ್ಮಂಥ ಮೊದಲ ಕೆಲವರು ಟ್ಯೂಬ್ ಹಾಕಿಸಿಕೊಂಡರೆ ಮುಂದೆ ಅದೇ ಸ್ಕ್ಯಾನ್‌ಗೆ ಬರುವ ರೋಗಿಗಳಿಗೆ ಅದು ತಪ್ಪಬಹುದು. ನಾನು ಇದನ್ನು ಸಣ್ಣ ವಿಷಯ ಅಂತ ಎಂದೂ ಅಂದುಕೊಂಡಿಲ್ಲ.

ನಿದ್ದೆಗಣ್ಣು:
ನಾನು ಇಂಥದ್ದಕ್ಕೆ ವಾಲಂಟಿಯರ್ ಆಗಿದ್ದೆ. ಟ್ಯೂಬ್ ಹಾಕುವ ಮೊದಲು ಡಾಕ್ಟರ್ ಮಣಿಕಟ್ಟಿನ ಎರಡೂ ಆರ್ಟರಿ ಒತ್ತಿ ಹಿಡಿದು, ಮುಷ್ಟಿ ಬಿಗಿಮಾಡಿ ಬಿಡಲು ಹೇಳಿದರು. ಅಂಗೈ ಬೆಳ್ಳಗಾಯಿತು. ಕಿರುಬೆರಳಿನ ಕಡೆಯದನ್ನು ಮಾತ್ರ ಬಿಟ್ಟಾಗ ಮತ್ತೆ ಕೆಂಪು ತುಂಬಿತು. ಒಂದು ಆರ್ಟರಿಗೆ ಏನಾದರೂ ಆದರೂ ಇನ್ನೊಂದು ಆರ್ಟರಿ ಆ ಕೈಗೆ ರಕ್ತ ಕೊಡುತ್ತದಾ ಅಂತ ನೋಡುವ ಪರೀಕ್ಷೆ ಅದು. ಆಮೇಲೆ ಮರಗಟ್ಟಿಸುವ ಇಂಜೆಕ್ಷನ್. ಉರಿದದ್ದು ಅದೇ, ಟ್ಯೂಬ್ ಹೋಗುವಾಗ ಬರೀ ಒತ್ತಿದ ಹಾಗಾಯಿತು. ತೆಗೆದ ಮೇಲೆ ಜಾಸ್ತಿ ಹೊತ್ತು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ, ಆ ಕೈಯಲ್ಲಿ ಭಾರ ಎತ್ತಬೇಡಿ ಅಂತಾರೆ. ಕೇಳಿ ಬಿಡಿ, ಕೈ ನೀಲಿಗಟ್ಟುವುದು ಮಾಮೂಲಿ. ರಕ್ತ ಹೆಪ್ಪುಗಟ್ಟುವುದು, ನರಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಆಗುವುದೇ ಇಲ್ಲ ಅಂತಲ್ಲ.

ನನಗೆ ಕಷ್ಟ ಅನ್ನಿಸಿದ್ದು ಅಲ್ಲಾಡದೆ ಮಲಗುವುದು. ಬಿಸಿನೀರಲ್ಲಿ ಮೆತ್ತಗಾದ ಬಲೆಯಂಥ ಪ್ಲಾಸ್ಟಿಕ್ಕನ್ನು ಮುಖದ ಮೇಲೆ ಒತ್ತಿ ಮಾಸ್ಕ್ ಮಾಡ್ತಾರೆ, ಅದನ್ನು ಮಂಚಕ್ಕೆ ಸಿಕ್ಕಿಸುತ್ತಾರೆ. ಮೂಗು ತುರಿಸಿದರೂ ಏನೂ ಮಾಡುವ ಹಾಗಿಲ್ಲ. ಸ್ಕ್ಯಾನ್‌ಗೆ ಮುಂಚೆ ಬಾತ್‌ರೂಮಿಗೆ ಹೋಗಿ ಬನ್ನಿ.

ಒಂದು ಪ್ರಶ್ನೆ ತಪ್ಪದೆ ಕೇಳಿ. ಟ್ರೇಸರನ್ನು ಅವತ್ತೇ ತಯಾರಿಸುತ್ತಾರೆ, ಗುಣಮಟ್ಟದ ಪರೀಕ್ಷೆಯಲ್ಲಿ ಅದು ಪಾಸಾಗದಿದ್ದರೆ ಚುಚ್ಚುವುದಿಲ್ಲ. ನನಗೆ ಒಮ್ಮೆ ಟ್ಯೂಬ್ ಹಾಕಿ ಆದಮೇಲೆ ಇವತ್ತು ಸ್ಕ್ಯಾನ್ ಇಲ್ಲ ಅಂದರು. ಹಾಗಾದರೆ ಮತ್ತೆ ಚುಚ್ಚಿಸಿಕೊಳ್ಳಬೇಕಾ, ಆ ದಿನದ ಹಣ ಕೊಡ್ತಾರಾ, ಮೊದಲೇ ತಿಳಿದುಕೊಳ್ಳಿ.

ಅರ್ಧಾಯುಷ್ಯ:
ರಿಪೋರ್ಟ್ ಬಗ್ಗೆ ನಾನು ಹೇಳ್ತೀನಿ. ಇಲ್ಲಿ ಪರೀಕ್ಷೆ ನಡೆಯುತ್ತಿರುವುದು ಟ್ರೇಸರ್‌ಗೆ, ನಿಮಗಲ್ಲ. ಅದು ಮಿದುಳಿನೊಳಗೆ ಹೋಗುತ್ತದಾ, ಬೇಕಾದ ರಿಸೆಪ್ಟರ್‌ಗೇ ಕೂರುತ್ತದಾ, ಅದೇ ವ್ಯಕ್ತಿಯನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿದರೆ ಹತ್ತಿರದ ಸಂಖ್ಯೆ ಬರುತ್ತದಾ ಅನ್ನುವುದೇ ಇನ್ನೂ ತೀರ್ಮಾನ ಆಗಿಲ್ಲ. ಪ್ರಾಣಿಗಳಲ್ಲಿ ಚೆನ್ನಾಗಿ ಕಂಡದ್ದು ಮನುಷ್ಯರಲ್ಲಿ ಕೈಕೊಡುವುದುಂಟು. ಕೆಲವು ಟ್ರೇಸರ್‌ಗಳಲ್ಲಿ ಫ್ಲೋರಿನ್ ಕಳಚಿಕೊಂಡು ಮೂಳೆಗೆ ಹೋಗಿ ಕೂರುತ್ತದೆ, ಆಗ ತಲೆಬುರುಡೆಯೇ ಹೊಳೆದು ಪಕ್ಕದ ಮಿದುಳಿನ ಲೆಕ್ಕ ಕೆಡುತ್ತದೆ. ಇಂಥ ಹಂತದಲ್ಲಿ ನಿಮ್ಮ ಸಂಖ್ಯೆ ಜಾಸ್ತಿ ಬಂದರೆ ಏನರ್ಥ, ಕಡಿಮೆ ಬಂದರೆ ಏನರ್ಥ ಅಂತ ಯಾರೂ ಹೇಳಲಾರರು.

ಆರೋಗ್ಯವಂತರೇ ಯಾಕೆ ಅನ್ನುವುದಕ್ಕೆ ಪಿಬಿಆರ್28 ಕಥೆ ಸಾಕು. ಮಿದುಳಿನ ಉರಿಯೂತ ನೋಡಲು ಟಿಎಸ್‌ಪಿಒ ಅನ್ನುವ ಪ್ರೋಟೀನಿಗೆ ಅಂಟುವ ಟ್ರೇಸರ್ ಅದು. ಕೆಲವು ಆರೋಗ್ಯವಂತರಲ್ಲಿ ಅದು ಅಂಟಲೇ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಜೀನ್‌ನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, 2012ರಲ್ಲಿ ಅದು ಪ್ರಕಟವಾಯಿತು. ಈಗ ಇಂಥ ಸ್ಕ್ಯಾನ್‌ಗೆ ಮುಂಚೆ ಆ ಜೀನ್ ನೋಡುತ್ತಾರೆ. ಬರೀ ರೋಗಿಗಳನ್ನೇ ನೋಡಿದ್ದರೆ ಕಾಯಿಲೆಯಿಂದಲೇ ಹೀಗಾಗಿದೆ ಅಂತ ಬರೆದುಬಿಡುವ ಅಪಾಯ ಇತ್ತು. 1983ರಲ್ಲಿ ಡೋಪಮಿನ್ ರಿಸೆಪ್ಟರ್‌ಗಳ ಮೊದಲ ಪೆಟ್ ಚಿತ್ರ ಬಂದದ್ದೂ ಆರೋಗ್ಯವಂತ ಮಿದುಳಿನಿಂದಲೇ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವೈದ್ಯ ಹೆನ್ರಿ ವ್ಯಾಗ್ನರ್ ತಾವೇ ಸ್ಕ್ಯಾನರ್‌ನಲ್ಲಿ ಮಲಗಿದ್ದರು.

ಆದರೆ ಎಂಆರ್‌ಐ ಬೇರೆ ವಿಷಯ. ಅದರಲ್ಲಿ ಗಡ್ಡೆ ಗಿಡ್ಡೆ ಏನಾದರೂ ಕಂಡರೆ ಯಾರು ನೋಡ್ತಾರೆ, ನಿಮಗೆ ಹೇಗೆ ತಿಳಿಸ್ತಾರೆ ಅಂತ ಒಪ್ಪಿಗೆ ಪತ್ರದಲ್ಲಿ ಇರಲೇಬೇಕು. ಇಲ್ಲದಿದ್ದರೆ ಸಹಿ ಹಾಕಬೇಡಿ.

ಹೊಂಗೆನೆರಳು:
ತುಂಬಾ ಧನ್ಯವಾದ. ಎಂಆರ್‌ಐ ವಿಷಯ ಇದೆ, ಈಗ ಮತ್ತೆ ನೋಡಿದೆ. ಇನ್ನೊಂದೇ ಒಂದು: ಎರಡನೇ ಸ್ಕ್ಯಾನ್‌ಗೆ ಮುಂಚೆ ಒಂದು ಮಾತ್ರೆ ಕೊಡ್ತಾರಂತೆ. ಅದು ಯಾಕೆ?

ಪ್ಲಾಸ್ಮಾ:
ಅದು ರಿಸೆಪ್ಟರ್‌ಗಳನ್ನು ಮೊದಲೇ ತುಂಬಿಬಿಡುವ ಔಷಧ. ಆಮೇಲೆ ಟ್ರೇಸರ್ ಕೊಟ್ಟಾಗ ಹೊಳಪು ಇಳಿದರೆ ಮೊದಲು ಕಂಡದ್ದು ನಿಜಕ್ಕೂ ಆ ರಿಸೆಪ್ಟರೇ ಅಂತಾಯಿತು. ಇಳಿಯದಿದ್ದರೆ ಟ್ರೇಸರ್ ಇನ್ನೆಲ್ಲೋ ಅಂಟಿದೆ. ಒಂದು ಮಾತು ಗಮನಿಸಿ. ಟ್ರೇಸರ್ ಕೊಡುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅದರಿಂದ ಔಷಧದ ಪರಿಣಾಮ ಆಗಬಾರದು ಅಂತಲೇ ಅಷ್ಟು ಕಡಿಮೆ. ಈ ಮಾತ್ರೆ ಹಾಗಲ್ಲ, ಕೆಲಸ ಮಾಡುವಷ್ಟೇ ಡೋಸ್ ಇರುತ್ತದೆ. ನಿದ್ದೆ, ತಲೆಸುತ್ತು, ಬಿಪಿ ಇಳಿಯುವುದು, ಏನೇನು ಆಗಬಹುದು ಅಂತ ಅದರ ಹೆಸರು ಹಿಡಿದು ಕೇಳಿ. ಅವತ್ತು ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.