ಸಹಾಯ ಬೇಕು: ಅಮ್ಮನ ಕಣ್ಣೊಳಗೆ ಇಂಜೆಕ್ಷನ್ ಹಾಕಬೇಕಂತೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ, ಶುಗರ್ ಬಂದು 14 ವರ್ಷ ಆಯ್ತು. ಹೋದ ತಿಂಗಳು ಅಕ್ಕಿ ಆರಿಸುವಾಗ ಕಲ್ಲು ಕಾಣ್ತಿಲ್ಲ ಅಂದರು. ಪೊರೆ ಇರಬೇಕು ಅಂತ ಸುಮ್ನಿದ್ದೆ. ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತೆ ಅಂದಾಗ ಮಾತ್ರ ಭಯ ಆಯ್ತು.

ಹಾಸನದಲ್ಲಿ ತೋರಿಸಿದೆವು. ಡ್ರಾಪ್ಸ್ ಹಾಕಿ ನೋಡಿ, ಕಣ್ಣಿನ ಒಳಪದರ ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿ, ಇದು ಪೊರೆ ಅಲ್ಲ, ಶುಗರ್‌ನಿಂದ ರೆಟಿನಾದ (ಕಣ್ಣಿನ ಹಿಂಭಾಗದ ಪರದೆಯ) ನಡುಭಾಗದಲ್ಲಿ ನೀರು ಸೇರಿ ಊದಿಕೊಂಡಿದೆ, ತಿಂಗಳಿಗೊಂದರಂತೆ ಸದ್ಯಕ್ಕೆ 3 ಇಂಜೆಕ್ಷನ್ ಕಣ್ಣೊಳಗೇ ಹಾಕಬೇಕು ಅಂದರು. ಅದನ್ನು ಕೇಳಿದಾಗಿನಿಂದ ಅಮ್ಮ ಸರಿಯಾಗಿ ಊಟವೇ ಮಾಡ್ತಿಲ್ಲ.

ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಮರಗಟ್ಟುವ ಡ್ರಾಪ್ಸ್ ಹಾಕಿದ ಮೇಲೂ ನೋವಾಗುತ್ತಾ? ಇಂಜೆಕ್ಷನ್ ಔಷಧಿಗಳಲ್ಲಿ ಅವಾಸ್ಟಿನ್‌ಗೆ ದುಡ್ಡು ಕಡಿಮೆ, ಲುಸೆಂಟಿಸ್‌ಗೆ ತುಂಬಾ ಜಾಸ್ತಿ, ನಿಮಗೆ ಯಾವುದು ಹಾಕಿದರು? ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ, ಬೆಳಿಗ್ಗೆ ಎಷ್ಟು ಗಂಟೆಗೆ ಹೋಗಬೇಕು? ಅಮ್ಮನ ಜೊತೆ ಫೋನಲ್ಲಿ ಎರಡು ಮಾತಾಡಿ ಧೈರ್ಯ ಹೇಳಿದರೂ ಸಾಕು.