ಮನೆಯಲ್ಲಿ ವಿದ್ಯುತ್ ಸೌನಾ ಹೀಟರ್: ಗೀಸರಿನ 16 ಆಂಪಿಯರ್ ಪಾಯಿಂಟ್ ಸಾಕೇ?

ಪ್ರಶ್ನೆ: ಬನಶಂಕರಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಬನಶಂಕರಿಯಲ್ಲಿರುವ ನಮ್ಮ ಸ್ವಂತ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಹಳೆಯ ಸಾಮಾನು ತುಂಬಿಡುತ್ತಿದ್ದ ಒಂದು ಸಣ್ಣ ಕೋಣೆ ಇದೆ. ಒಳ ಅಳತೆ 6 ಅಡಿ ಉದ್ದ, 5 ಅಡಿ ಅಗಲ, ಆರ್‌ಸಿಸಿ ಚಾವಣಿ 10 ಅಡಿ ಎತ್ತರದಲ್ಲಿದೆ, ಗೋಡೆಗಳು ಇಟ್ಟಿಗೆಯವು. ಇದನ್ನು ಫಿನ್ಲೆಂಡಿನ ಮಾದರಿಯ, ಕಲ್ಲು ಕಾಯಿಸಿ ನೀರು ಚಿಮುಕಿಸುವ ಸೌನಾ ಕೋಣೆಯಾಗಿ ಮಾಡಿಸಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ವಿಚಾರಿಸಿದ ಮಾರಾಟಗಾರರೊಬ್ಬರು 6 ಕಿಲೋವ್ಯಾಟ್ ಹೀಟರ್ ಸಾಕೆಂದೂ, ಅದನ್ನು ಗೀಸರಿಗೆ ಹಾಕಿರುವ 16 ಆಂಪಿಯರ್ ಪಾಯಿಂಟಿಗೇ ಜೋಡಿಸಬಹುದೆಂದೂ ಹೇಳಿದರು. ನಮ್ಮ ಮನೆಗೆ ಇರುವುದು ಸಿಂಗಲ್ ಫೇಸ್ ಸಂಪರ್ಕ. ಮಂಜೂರಾದ ಲೋಡ್ 3 ಕಿಲೋವ್ಯಾಟ್. ಗೃಹಜ್ಯೋತಿ ಯೋಜನೆಯ ಫಲಾನುಭವಿಗಳೂ ಹೌದು.

ನನ್ನ ಸಂದೇಹಗಳು ಇವು. ಮಾರಾಟಗಾರರು ಹೇಳಿದಂತೆ ಜೋಡಿಸುವುದು ಸುರಕ್ಷಿತವೇ? ವಿದ್ಯುತ್ ಹರಿಯುತ್ತಿರುವ ಹೀಟರಿನ ಮೇಲೆಯೇ ನೀರು ಹಾಕಿದರೆ ಶಾಕ್ ಹೊಡೆಯುವುದಿಲ್ಲವೇ? ಗೋಡೆಗೆ ಮರ ಹೊಡೆಸದೆ ಇಟ್ಟಿಗೆಯನ್ನು ಹಾಗೆಯೇ ಬಿಟ್ಟರೆ ನಡೆಯುತ್ತದೆಯೇ? ನನ್ನ ತಂದೆಯವರಿಗೆ ರಕ್ತದೊತ್ತಡವಿದ್ದು ಮಾತ್ರೆ ತೆಗೆದುಕೊಳ್ಳುತ್ತಾರೆ; ಅವರೂ ಇದನ್ನು ಬಳಸಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ವಿದ್ಯುತ್ ಗುತ್ತಿಗೆದಾರ, ರಾಜಾಜಿನಗರ

ಮಾನ್ಯರೇ, ಗೀಸರ್ ಪಾಯಿಂಟಿಗೆ ಜೋಡಿಸುವ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. 230 ವೋಲ್ಟಿನಲ್ಲಿ 6 ಕಿಲೋವ್ಯಾಟ್ ಹೀಟರ್ ಸುಮಾರು 26 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಪಾಯಿಂಟಿನಿಂದ ತೆಗೆಯಬಹುದಾದದ್ದು ಹೆಚ್ಚೆಂದರೆ 3.7 ಕಿಲೋವ್ಯಾಟ್, ಅದೂ ಸ್ವಲ್ಪ ಹೊತ್ತು. ಗೀಸರ್ ನೀರು ಕಾದೊಡನೆ ತಾನಾಗಿ ಆಫ್ ಆಗುತ್ತದೆ. ಸೌನಾ ಹೀಟರ್ ಒಂದು ಗಂಟೆಯ ಕಾಲ ಪೂರ್ಣ ಹೊರೆಯಲ್ಲಿ ಬಿಡುವಿಲ್ಲದೆ ಉರಿಯುವ ಉಪಕರಣ. ಹೊರೆ ಮೀರಿದಾಗ ಸಂಪರ್ಕ ಕಡಿಯುವ ಎಂಸಿಬಿ ಬಿದ್ದರೆ ಪುಣ್ಯ. ಅದು ಬೀಳುತ್ತದೆಂದು ಯಾರೋ 32 ಆಂಪಿಯರಿನದನ್ನು ತಂದು ಕೂರಿಸಿ, ಗೋಡೆಯೊಳಗಿನ ತಂತಿಯನ್ನು ಹಳೆಯದೇ ಬಿಟ್ಟರೆ ಪೈಪಿನೊಳಗೆ ತಂತಿಯೇ ಬೇಯುತ್ತದೆ.

ಈ ಹೀಟರಿಗೆ ಮುಖ್ಯ ಬೋರ್ಡಿನಿಂದ ನೇರವಾಗಿ ಬರುವ, ಬೇರೆ ಯಾವುದೂ ಸೇರದ ಪ್ರತ್ಯೇಕ ಲೈನ್ ಬೇಕು. ಸಿಂಗಲ್ ಫೇಸಿನಲ್ಲಿಯೇ ಕೊಡುವುದಾದರೆ 6 ಸ್ಕ್ವೇರ್ ಎಂಎಂ ತಾಮ್ರದ ತಂತಿ, 32 ಆಂಪಿಯರಿನ ಡಬಲ್ ಪೋಲ್ ಎಂಸಿಬಿ ಹಾಕಬೇಕಾಗುತ್ತದೆ. ಆದರೆ ನಿಮ್ಮ 3 ಕಿಲೋವ್ಯಾಟ್ ಲೋಡಿಗೆ ಇದು ಸೇರಿದಾಗ ಮೊತ್ತ 9 ಆಗುತ್ತದೆ. ಬೆಸ್ಕಾಂ ಸಾಮಾನ್ಯವಾಗಿ 5 ಕಿಲೋವ್ಯಾಟ್ ವರೆಗೆ ಮಾತ್ರ ಸಿಂಗಲ್ ಫೇಸ್ ಕೊಡುವುದರಿಂದ, ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ ಥ್ರೀ ಫೇಸ್ ಮಾಡಿಸಿಕೊಳ್ಳುವುದೇ ಸರಿಯಾದ ದಾರಿ. ಥ್ರೀ ಫೇಸಿನಲ್ಲಿ ಅದೇ ಹೀಟರ್ ಪ್ರತಿ ಫೇಸಿನಿಂದ 9 ಆಂಪಿಯರಿಗಿಂತ ಕಡಿಮೆ ಎಳೆಯುತ್ತದೆ, 2.5 ಸ್ಕ್ವೇರ್ ಎಂಎಂ ತಂತಿ ಸಾಕಾಗುತ್ತದೆ, ಮನೆಯ ದೀಪಗಳೂ ಮಂಕಾಗುವುದಿಲ್ಲ. ಅರ್ಜಿಯನ್ನು ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಹಾಕಿಸಿ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೂ ನಿಗದಿತ ಶುಲ್ಕವಿದೆ. ಸೌನಾ ಬಳಸಿದರೂ ಬಳಸದಿದ್ದರೂ ಅದು ತಿಂಗಳು ತಿಂಗಳು ಬರುತ್ತದೆ.

ಇನ್ನು ಖರ್ಚು. ಕಾಯಲು ಮುಕ್ಕಾಲು ಗಂಟೆ, ಕುಳಿತುಕೊಳ್ಳಲು ಅರ್ಧ ಗಂಟೆ ಎಂದರೆ ಒಂದು ಸಲಕ್ಕೆ 6ರಿಂದ 7 ಯೂನಿಟ್ ಆಗುತ್ತದೆ. ವಾರಕ್ಕೆ ಎರಡು ಸಲ ಹಾಕಿದರೆ ತಿಂಗಳಿಗೆ ಸುಮಾರು 50 ಯೂನಿಟ್. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾದುದರಿಂದ, ಈ 50 ಯೂನಿಟ್ ನಿಮ್ಮನ್ನು ಆ ಗೆರೆಯಿಂದಾಚೆ ತಳ್ಳುತ್ತದೆಯೇ ಎಂದು ಹಳೆಯ ಬಿಲ್ಲುಗಳನ್ನು ತೆಗೆದು ನೋಡಿಕೊಳ್ಳಿ.

ಶಾಕ್ ವಿಚಾರ. ಹೀಟರಿನೊಳಗೆ ಬರಿಯ ತಂತಿ ಇರುವುದಿಲ್ಲ. ಕಾಯುವ ತಂತಿಯು ಸ್ಟೀಲ್ ಕೊಳವೆಯ ನಡುವೆ ಇದ್ದು, ಸುತ್ತಲೂ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಆದ್ದರಿಂದ ಕಲ್ಲಿನ ಮೇಲೆ ನೀರು ಬಿದ್ದ ಮಾತ್ರಕ್ಕೆ ಶಾಕ್ ಹೊಡೆಯುವುದಿಲ್ಲ. ಆದರೆ ಆ ಕೊಳವೆ ಎಂದಾದರೊಂದು ದಿನ ಬಿರುಕು ಬಿಟ್ಟರೆ ಒದ್ದೆ ಮೈಯಲ್ಲಿ, ಬರಿಗಾಲಿನಲ್ಲಿ ಕುಳಿತಿರುವವರಿಗೆ ಕಾವಲು ಅರ್ಥಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಮಾತ್ರ. ಅರ್ಥಿಂಗ್ ಗುಂಡಿಯ ರೋಧವನ್ನು ಅಳತೆ ಮಾಡಿಸಿ ಕಾಗದದಲ್ಲಿ ಬರೆಸಿಕೊಳ್ಳಿ. ಗುಂಡಿ ಇದೆ ಎಂಬ ಮಾತನ್ನು ನಂಬಬೇಡಿ.

ಕೋಣೆಯೊಳಗಿನ ತಂತಿ ಪಿವಿಸಿ ಹೊದಿಕೆಯದಾಗಿರಕೂಡದು. ಸಾಮಾನ್ಯ ಪಿವಿಸಿ ತಂತಿ 70 ಡಿಗ್ರಿಗೆ ಮಾತ್ರ ತಾಳುತ್ತದೆ; ಸೌನಾದಲ್ಲಿ ಚಾವಣಿಯ ಬಳಿಯ ಗಾಳಿಯೇ ಅದಕ್ಕಿಂತ ಬಿಸಿಯಾಗಿರುತ್ತದೆ. ಸೌನಾ ಕೋಣೆಗಳಿಗೆಂದೇ ಇರುವ ಐಇಸಿ 60364-7-703 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ನೆಲದಿಂದ 1 ಮೀಟರಿಗಿಂತ ಮೇಲಿನ ಭಾಗದಲ್ಲಿ ದೀಪ ಮೊದಲಾದ ಉಪಕರಣಗಳು 125 ಡಿಗ್ರಿಯನ್ನೂ, ತಂತಿಯ ಹೊದಿಕೆ 170 ಡಿಗ್ರಿಯನ್ನೂ ತಾಳಬೇಕು. ಸಿಲಿಕೋನ್ ಹೊದಿಕೆಯ ತಂತಿ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಸ್ವಿಚ್ಚು, ಪ್ಲಗ್ಗು, ಜಂಕ್ಷನ್ ಬಾಕ್ಸು ಎಲ್ಲವೂ ಕೋಣೆಯ ಹೊರಗೇ ಇರಲಿ; ಬಾಗಿಲ ಪಕ್ಕದಲ್ಲಿ, ಕಣ್ಣಿಗೆ ಬೀಳುವಂತೆ, ಪೂರ್ಣ ಸಂಪರ್ಕ ಕಡಿಯುವ ಐಸೊಲೇಟರ್ ಒಂದು ಇರಲಿ.

ಉತ್ತರ: ತಾಂಪೆರೆಯಿಂದ ಮರಳಿದವರು, ಮಲ್ಲೇಶ್ವರ

ವಿದ್ಯುತ್ತಿನ ಭಾಗವನ್ನು ಮೇಲಿನವರು ಸ್ಪಷ್ಟವಾಗಿ ಬರೆದಿದ್ದಾರೆ. ಉದ್ಯೋಗದ ನಿಮಿತ್ತ ಕೆಲಕಾಲ ಫಿನ್ಲೆಂಡಿನ ತಾಂಪೆರೆ ನಗರದಲ್ಲಿದ್ದವನಾದ್ದರಿಂದ, ಕೋಣೆಯ ಬಗ್ಗೆ ನಾನು ನಾಲ್ಕು ಮಾತು ಸೇರಿಸುತ್ತೇನೆ.

ಮೊದಲನೆಯದಾಗಿ, 10 ಅಡಿ ಚಾವಣಿ ಸೌನಾಕ್ಕೆ ಒಗ್ಗುವುದಿಲ್ಲ. ಬಿಸಿಗಾಳಿ ಮೇಲೆ ಹೋಗಿ ಕೂರುತ್ತದೆ, ನೀವು ಕೆಳಗೆ ತಣ್ಣಗೆ ಕೂರುತ್ತೀರಿ. 7 ಅಡಿಗೆ ಇಳಿಸಿ ಮರದ ಒಳಚಾವಣಿ ಹಾಕಿಸಿ. ಆಗ ಕೋಣೆಯ ಗಾತ್ರ 210 ಘನ ಅಡಿ, ಅಂದರೆ ಸುಮಾರು 6 ಘನ ಮೀಟರ್. ಒಂದು ಘನ ಮೀಟರಿಗೆ ಒಂದು ಕಿಲೋವ್ಯಾಟ್ ಎಂಬ ವಾಡಿಕೆಯ ಲೆಕ್ಕದಲ್ಲಿ 6 ಕಿಲೋವ್ಯಾಟ್ ಸರಿಹೊಂದುತ್ತದೆ. ಆದರೆ ಈ ಲೆಕ್ಕ ಶಾಖ ತಡೆಯುವ ಪದರವಿರುವ ಗೋಡೆಗಳಿಗೆ ಮಾತ್ರ. ಬರಿಯ ಇಟ್ಟಿಗೆ, ಟೈಲ್ಸ್ ಅಥವಾ ಗಾಜಿನ ಪ್ರತಿ ಚದರ ಮೀಟರಿಗೆ ಸುಮಾರು 1.2 ಘನ ಮೀಟರನ್ನು ಕೂಡಿಸಿಕೊಳ್ಳಬೇಕು. 6 ಅಡಿಯ ಒಂದು ಗೋಡೆಯನ್ನು ಹಾಗೆಯೇ ಬಿಟ್ಟರೂ ಕೋಣೆ 6ರ ಬದಲು ಹತ್ತೂವರೆ ಘನ ಮೀಟರಿನಂತೆ ವರ್ತಿಸುತ್ತದೆ. ಹೀಟರ್ ಉರಿಯುತ್ತಲೇ ಇರುತ್ತದೆ, ಕೋಣೆ ಕಾಯುವುದಿಲ್ಲ. ದೊಡ್ಡ ಹೀಟರ್ ಕೊಳ್ಳುವ ಹಣದಲ್ಲಿ ಗೋಡೆಗೆ ರಾಕ್‌ವೂಲ್ ತುಂಬಿಸಿ, ಅದರ ಒಳಮುಖಕ್ಕೆ ಅಲ್ಯೂಮಿನಿಯಂ ಹಾಳೆ ಹೊದಿಸಿ ಸಂದುಗಳಿಗೆ ಟೇಪ್ ಹಚ್ಚಿಸಿ, ಸ್ವಲ್ಪ ಗಾಳಿಸಂದು ಬಿಟ್ಟು ಮರದ ಪಟ್ಟಿ ಹೊಡೆಸಿ. ತಾರಸಿಯ ಶಾಖ ತಡೆಯಲು ಎಲ್ಲರೂ ಬಳಸುವ ಥರ್ಮೋಕೋಲ್ ಇಲ್ಲಿ ಖಂಡಿತ ಬೇಡ; ಅದು ಈ ಉಷ್ಣತೆಯಲ್ಲಿ ಮೆತ್ತಗಾಗುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಪ್ಲೈವುಡ್, ಎಂಡಿಎಫ್, ವಾರ್ನಿಷ್ ಬಳಿದ ಮರ, ಇವೂ ಬೇಡ. ಹೀಟರಿಗೂ ಮರಕ್ಕೂ ಎಷ್ಟು ಅಂತರವಿರಬೇಕೆಂಬುದು ಪ್ರತಿ ಮಾದರಿಗೆ ಬೇರೆಬೇರೆಯಾಗಿದ್ದು ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಬಡಗಿಯವರ ಅಂದಾಜಿಗೆ ಬಿಡಬೇಡಿ. ಬಾಗಿಲು ಹೊರಕ್ಕೆ ತೆರೆಯಬೇಕು, ಅದಕ್ಕೆ ಚಿಲಕವೇ ಇರಕೂಡದು.

ಹೀಟರಿನ ಕೆಳಗೆ ಅಥವಾ ಪಕ್ಕದಲ್ಲಿ ಹೊರಗಾಳಿ ಬರುವ ದಾರಿ, ಎದುರು ಗೋಡೆಯಲ್ಲಿ ಗಾಳಿ ಹೋಗುವ ದಾರಿ ಇರಲಿ. ಒಳಬರುವ ತಣ್ಣನೆಯ ಗಾಳಿ ಉಷ್ಣತೆ ಅಳೆಯುವ ಸೆನ್ಸರಿನ ಮೇಲೆ ಬೀಸುವಂತಿದ್ದರೆ ಅಪಾಯ: ಕೋಣೆ ಇನ್ನೂ ತಣ್ಣಗಿದೆ ಎಂದು ಭಾವಿಸಿ ಅದು ಹೀಟರನ್ನು ಆರಿಸುವುದೇ ಇಲ್ಲ.

ಕಲ್ಲಿನ ವಿಚಾರದಲ್ಲಿ ನಮ್ಮವರು ಉಳಿತಾಯ ಮಾಡಲು ಹೋಗುತ್ತಾರೆ. ಬೆಂಗಳೂರಿನಲ್ಲಿ ಗ್ರಾನೈಟ್ ಜಲ್ಲಿಗೆ ಬರವಿಲ್ಲ, ನಿಜ. ಆದರೆ ಗ್ರಾನೈಟಿನಲ್ಲಿರುವ ಸ್ಫಟಿಕದ (ಕ್ವಾರ್ಟ್ಸ್) ಕಣಗಳು ಉಳಿದ ಖನಿಜಗಳಿಗಿಂತ ಹೆಚ್ಚು ಹಿಗ್ಗುವುದರಿಂದ, ಕಾಯಿಸಿ ನೀರು ಹಾಕಿದಾಗ ಕಲ್ಲು ಬಿರಿಯುತ್ತದೆ. ಹೊಳೆಯ ಗುಂಡುಕಲ್ಲಿನೊಳಗೆ ತೇವ ಸಿಕ್ಕಿಕೊಂಡಿದ್ದರೆ ಸಿಡಿಯಲೂಬಹುದು. ಸೌನಾಕ್ಕೆಂದೇ ಮಾರುವ ಪೆರಿಡೊಟೈಟ್ ಅಥವಾ ಆಲಿವಿನ್ ಡಯಬೇಸ್ ಕಲ್ಲುಗಳನ್ನೇ ತನ್ನಿ; ತೊಳೆದು, ಎಲಿಮೆಂಟುಗಳು (ಹೀಟರಿನ ಕಾಯುವ ಕೊಳವೆಗಳು) ಮುಚ್ಚುವಂತೆ, ಆದರೆ ಗಾಳಿಯಾಡುವಷ್ಟು ಸಡಿಲವಾಗಿ ಜೋಡಿಸಿ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆಗೆದು ಪುಡಿಯಾದವನ್ನು ಎಸೆಯಿರಿ. ಕಲ್ಲಿನ ಮೇಲೆ ಬೋರ್‌ವೆಲ್ ನೀರು ಹಾಕಬೇಡಿ, ಸುಣ್ಣ ಕಟ್ಟುತ್ತದೆ. ಕಾವೇರಿ ನೀರು ಆದೀತು. ಒಂದು ಸಲಕ್ಕೆ ಒಂದು ಸೌಟು, ಅಂದರೆ 200 ಮಿಲಿಲೀಟರಿಗಿಂತ ಹೆಚ್ಚು ಬೇಡ. ಬಕೆಟ್ಟಿನಿಂದ ಸುರಿದರೆ ಕುದಿನೀರು ಮೈಮೇಲೆ ಚಿಮ್ಮುತ್ತದೆ.

ಬನಶಂಕರಿ ನಿವಾಸಿ

ಇಬ್ಬರಿಗೂ ಕೃತಜ್ಞತೆಗಳು. ಒಂದು ಗೊಂದಲ ಉಳಿದಿದೆ. ನಾನು ನೋಡಿದ ಯುರೋಪಿನ ಹೀಟರೊಂದರ ಕೈಪಿಡಿಯಲ್ಲಿ, ಆರ್‌ಸಿಸಿಬಿ ಮೂಲಕ ಹೀಟರಿಗೆ ವಿದ್ಯುತ್ ಕೊಡಬೇಡಿರೆಂದು ಬರೆದಿದೆ. ತಾವು ಅದೇ ಜೀವರಕ್ಷಕವೆಂದು ಹೇಳುತ್ತೀರಿ. ಯಾವುದನ್ನು ಅನುಸರಿಸಲಿ?

ಉತ್ತರ: ವಿದ್ಯುತ್ ಗುತ್ತಿಗೆದಾರ, ರಾಜಾಜಿನಗರ

ಕೈಪಿಡಿ ಹಾಗೆ ಹೇಳುವುದಕ್ಕೆ ಕಾರಣವಿದೆ. ನಾನು ಹೇಳಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ಗೋದಾಮಿನಲ್ಲೋ ಹಡಗಿನಲ್ಲೋ ತಿಂಗಳುಗಟ್ಟಲೆ ಇದ್ದ ಹೊಸ ಹೀಟರಿನಲ್ಲಿ ಅಲ್ಪ ಪ್ರಮಾಣದ ಸೋರಿಕೆ ಇದ್ದೇ ಇರುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ನಾಲ್ಕಾರು ಸಲ ಕಾಯಿಸಿದ ಮೇಲೆ ತೇವ ಹೋಗಿ ಸರಿಯಾಗುತ್ತದೆ. ಮೇಲೆ ಹೇಳಿದ ಐಇಸಿ ಮಾನದಂಡವೂ ಸೌನಾದ ಇತರ ಲೈನುಗಳಿಗೆ 30 ಮಿಲಿ ಆಂಪಿಯರಿನ ರಕ್ಷಣೆಯನ್ನು ಕಡ್ಡಾಯಗೊಳಿಸಿ ಹೀಟರಿಗೆ ವಿನಾಯಿತಿ ಕೊಡುತ್ತದೆ.

ಆದರೆ ಆ ವಿನಾಯಿತಿಯ ಹಿಂದಿರುವುದು ಅಲ್ಲಿನ ಅರ್ಥಿಂಗ್ ವ್ಯವಸ್ಥೆ. ಅಲ್ಲಿ ಅರ್ಥಿಂಗ್ ತಂತಿಯನ್ನು ಸರಬರಾಜಿನ ನ್ಯೂಟ್ರಲ್ಲಿಗೆ ಬೆಸೆದಿರುತ್ತಾರೆ. ಫೇಸ್ ತಂತಿ ಹೀಟರಿನ ಮೈಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಎಂಸಿಬಿ ತಕ್ಷಣ ಬೀಳುತ್ತದೆ. ನಮ್ಮ ಬಿಡಿಮನೆಗಳಲ್ಲಿ ಅರ್ಥಿಂಗ್ ಎಂದರೆ ಕಾಂಪೌಂಡಿನೊಳಗಿನ ಗುಂಡಿ. ಅದರ ರೋಧ 5 ಓಮ್ ಎಂದುಕೊಳ್ಳೋಣ. 230ನ್ನು 5ರಿಂದ ಭಾಗಿಸಿದರೆ 46 ಆಂಪಿಯರ್. 32 ಆಂಪಿಯರಿನ ಸಿ ಮಾದರಿಯ ಎಂಸಿಬಿ ತಕ್ಷಣ ಬೀಳಲು ಕನಿಷ್ಠ 160 ಆಂಪಿಯರ್ ಬೇಕು. 46ಕ್ಕೆ ಅದು ಒಂದು ಗಂಟೆಯಾದರೂ ಬೀಳದೆ ನಿಂತಿರಬಹುದು. ಅಷ್ಟು ಹೊತ್ತೂ ಹೀಟರಿನ ಲೋಹದ ಮೈ ಮೇಲೆ ಮುಖ್ಯ ಸರಬರಾಜಿನ ವೋಲ್ಟೇಜೇ ಇರುತ್ತದೆ. ನೀವು ಮುಟ್ಟುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ಆರ್‌ಸಿಸಿಬಿ ಬಿಡುವಂತಿಲ್ಲ.

ಹೀಗೆ ಮಾಡಿ. ಹೀಟರಿಗೆ ಮಾತ್ರ ಪ್ರತ್ಯೇಕವಾದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದು ಬಿದ್ದರೆ ಮನೆಯೆಲ್ಲ ಕತ್ತಲಾಗುವುದಿಲ್ಲ. ಈ ಗಾತ್ರದ ಹೀಟರಿನಲ್ಲಿ ಸಾಮಾನ್ಯವಾಗಿ ತಲಾ 2 ಕಿಲೋವ್ಯಾಟಿನ ಮೂರು ಎಲಿಮೆಂಟುಗಳಿರುತ್ತವೆ. ಗುತ್ತಿಗೆದಾರರು ಸೋರಿಕೆ ಪತ್ತೆಹಚ್ಚುವ ಮೆಗ್ಗರ್ ಉಪಕರಣದಿಂದ ಪ್ರತಿಯೊಂದನ್ನೂ ಅಳೆದು, ಮೊದಲ ಸಲ ಒಂದೊಂದನ್ನೇ ಜೋಡಿಸಿ ಕಾಯಿಸಲಿ. ಒಂದರ ಸೋರಿಕೆ ಮೂರರ ಒಟ್ಟು ಸೋರಿಕೆಗಿಂತ ಕಡಿಮೆಯಾದ್ದರಿಂದ ಆರ್‌ಸಿಸಿಬಿ ನಿಲ್ಲುವ ಸಾಧ್ಯತೆ ಹೆಚ್ಚು. ಆ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದು, ಬಾಗಿಲು ತೆರೆದಿರಲಿ; ಹೊಸ ಹೀಟರಿನ ವಾಸನೆಯೂ ಹೋಗುತ್ತದೆ. ಒಣಗಿದ ಮೇಲೂ ಬೀಳುತ್ತಿದ್ದರೆ ಆ ಎಲಿಮೆಂಟ್ ಕೆಟ್ಟಿದೆ ಎಂದರ್ಥ, ಬದಲಿಸಬೇಕು. ಮಳೆಗಾಲದಲ್ಲಿ ಬಹಳ ದಿನ ಬಳಸದೆ ಬಿಟ್ಟರೆ ತೇವ ಮತ್ತೆ ಸೇರುತ್ತದೆ. ಆಗಾಗ ಒಮ್ಮೆ ಕಾಯಿಸುತ್ತಿರಿ. ಬೀಳುತ್ತದೆಂದು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ಅಪಾರ್ಟ್‌ಮೆಂಟುಗಳ ಲೆಕ್ಕ ಬೇರೆ. ಅದಕ್ಕೆ ಇಲ್ಲಿ ಹೋಗುವುದಿಲ್ಲ.

ಕರೆಂಟ್ ಹೋಗಿಬರುವ ನಮ್ಮ ಊರಿನಲ್ಲಿ ಇನ್ನೊಂದು ವಿಷಯವನ್ನು ಮರೆಯಬಾರದು. ಕೆಲವು ನಿಯಂತ್ರಕಗಳಲ್ಲಿ, ವಿದ್ಯುತ್ ಮರಳಿದಾಗ ಹೀಟರ್ ತಾನಾಗಿಯೇ ಮತ್ತೆ ಹೊತ್ತಿಕೊಳ್ಳುವ ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಿಸಿ. ಕರೆಂಟ್ ಹೋಯಿತೆಂದು ನೀವು ಕೆಳಗೆ ಬಂದಿರುವಾಗ ಮನೆಯಲ್ಲಿ ಯಾರಾದರೂ ಒದ್ದೆ ಟವೆಲನ್ನು ಬೆಚ್ಚಗಿನ ಕಲ್ಲಿನ ಮೇಲೆ ಹರಡಿದರೆ ಮುಂದಿನದು ಬೆಂಕಿಯೇ. ಹೀಟರಿನ ಮೇಲೆ ಬಟ್ಟೆ ಒಣಹಾಕುವುದು ಯಾವ ಕಾಲಕ್ಕೂ ಕೂಡದು. ಮೊಬೈಲಿನಿಂದ ದೂರದಲ್ಲೇ ಆನ್ ಮಾಡುವ ಸೌಕರ್ಯ ಬೇಕಿದ್ದರೆ, ಬಾಗಿಲು ತೆರೆದಿದ್ದನ್ನು ಅಥವಾ ಹೀಟರಿನ ಮೇಲೆ ಏನಾದರೂ ಬಿದ್ದಿದ್ದನ್ನು ಗುರುತಿಸಿ ತಡೆಯುವ ಸೆನ್ಸರ್ ಇರುವ ಮಾದರಿಯನ್ನೇ ಕೊಳ್ಳಿ. ಯುಪಿಎಸ್ ಲೈನಿಗೆ ಇದನ್ನು ಸೇರಿಸಬಾರದೆಂದು ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಉತ್ತರ: ನಿವೃತ್ತ ವೈದ್ಯ, ಜಯನಗರ

ನಿಮ್ಮ ತಂದೆಯವರ ವಿಷಯ ಉಳಿದುಹೋಗಿದೆ. ಮಾತ್ರೆಯಿಂದ ಹತೋಟಿಯಲ್ಲಿರುವ ರಕ್ತದೊತ್ತಡವೊಂದೇ ಆದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೂ ಅವರನ್ನು ನೋಡುತ್ತಿರುವ ವೈದ್ಯರನ್ನು ಕೇಳಿಯೇ ಆರಂಭಿಸಿ. ಬಿಸಿಯಲ್ಲಿ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುತ್ತದೆ. ಮಾತ್ರೆಯ ಪರಿಣಾಮವೂ ಅದಕ್ಕೆ ಸೇರಿದಾಗ, ಎದ್ದು ನಿಂತೊಡನೆ ತಲೆಸುತ್ತಿ ಬೀಳುವ ಸಂಭವವಿದೆ. ಬೀಳುವುದು ಕಾದ ಹೀಟರಿನ ಕಡೆಗಾದರೆ ಏನಾಗುತ್ತದೆಂದು ಯೋಚಿಸಿ ಅದರ ಸುತ್ತ ಮರದ ಕಟಕಟೆ ಹಾಕಿಸಿ. ಇತ್ತೀಚೆಗೆ ಹೃದಯಾಘಾತವಾದವರು, ಎದೆನೋವು ಸ್ಥಿರವಾಗಿಲ್ಲದವರು, ಹೃದಯದ ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿರುವವರು ಒಳಗೆ ಹೋಗಲೇಬಾರದು. ಮದ್ಯ ಸೇವಿಸಿದವರಿಗೂ ಇದೇ ಮಾತು ಅನ್ವಯಿಸುತ್ತದೆ.

ತಂದೆಯವರು ಕೆಳಗಿನ ಹಲಗೆಯ ಮೇಲೆ, 70 ಡಿಗ್ರಿಯ ಆಸುಪಾಸಿನಲ್ಲಿ, ಐದು ಹತ್ತು ನಿಮಿಷ ಕುಳಿತರೆ ಸಾಕು. ಜೊತೆಗೆ ಒಬ್ಬರು ಇರಲಿ. ಹೊರಬಂದ ಮೇಲೆ ಕುಳಿತು ಸುಧಾರಿಸಿಕೊಂಡು ನೀರು ಅಥವಾ ಮಜ್ಜಿಗೆ ಕುಡಿಯಲಿ. ಅವರ ವಯಸ್ಸಿಗೆ ಕೂಡಲೇ ತಣ್ಣೀರು ಸ್ನಾನ ಬೇಡ. ಯಾರು ಹೆಚ್ಚು ಹೊತ್ತು ತಾಳುತ್ತಾರೆ ಎಂಬ ಪಂದ್ಯವನ್ನು ಯುವಕರೂ ಕಟ್ಟಬಾರದು. ಫಿನ್ಲೆಂಡಿನ ಹೈನೋಲದಲ್ಲಿ ನಡೆಯುತ್ತಿದ್ದ ವಿಶ್ವ ಸೌನಾ ಚಾಂಪಿಯನ್‌ಶಿಪ್ 2010ರಲ್ಲಿ, 110 ಡಿಗ್ರಿಯ ಅಂತಿಮ ಸುತ್ತಿನಲ್ಲಿ ಸ್ಪರ್ಧಿಯೊಬ್ಬರು ಸತ್ತ ಮೇಲೆ ನಿಂತೇಹೋಯಿತು.

ಬನಶಂಕರಿ ನಿವಾಸಿ

ಉಪಕಾರವಾಯಿತು. ಬೆಸ್ಕಾಂ ಉಪವಿಭಾಗದಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿಸುತ್ತೇನೆ. ಹೀಟರಿನ ಮುಂಗಡವನ್ನು ಅದು ಮಂಜೂರಾದ ಬಳಿಕವೇ ಕೊಡುತ್ತೇನೆ. ಅರ್ಥಿಂಗ್ ಅಳತೆಗೆ ಈ ವಾರವೇ ಒಬ್ಬರನ್ನು ಕರೆಸುತ್ತಿದ್ದೇನೆ, ಬಂದ ಅಂಕಿಯನ್ನು ಇಲ್ಲಿಯೇ ಬರೆಯುತ್ತೇನೆ.