ಡೈಪರ್ ಬಿಚ್ಚಿದರೆ ಕೆಂಪು: ಪೌಡರ್ ಹಾಕಲಾ, ಟ್ಯೂಬ್ ಹಚ್ಚಲಾ?

ಪ್ರಶ್ನೆ (ವಿನೋಬನಗರ, ದಾವಣಗೆರೆ): ಮೇಡಂ, ಮಗಳಿಗೆ 7 ತಿಂಗಳು. ಹೋದ ವಾರ ಆಂಟಿಬಯಾಟಿಕ್ ಕೊಟ್ಟಿದ್ದರು, ಎರಡು ದಿನ ಭೇದಿ ಆಯಿತು. ಈಗ ಡೈಪರ್ ಜಾಗ ಎಲ್ಲಾ ಕೆಂಪು. ಒರೆಸಲು ಹೋದರೆ ಕಾಲು ಎತ್ತಿ ಕಿರುಚುತ್ತಾಳೆ. ಅತ್ತೆ ಪೌಡರ್ ಹಾಕು ಅನ್ನುತ್ತಾರೆ. ಮೆಡಿಕಲ್ ಶಾಪ್‌ನವರು "ಎಲ್ಲದಕ್ಕೂ ಆಗುತ್ತೆ" ಅಂತ ಒಂದು ಟ್ಯೂಬ್ ಕೊಟ್ಟರು. ಹಚ್ಚಲಾ?

ಉತ್ತರ (ಮಕ್ಕಳ ಡಾಕ್ಟರ್): ಬೇಡಮ್ಮಾ, ಮೊದಲು ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್ ಅಂತ ಇದ್ದರೆ ಅದರಲ್ಲಿ ಜೋರು ಸ್ಟೀರಾಯ್ಡ್ ಇದೆ. ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಮೇಲೆ ಡೈಪರ್ ಮುಚ್ಚಿದಾಗ ಔಷಧಿ ಜಾಸ್ತಿ ಒಳಗಿಳಿಯುತ್ತದೆ. ಮಗುವಿನ ಚರ್ಮ ತೆಳ್ಳಗಾಗುತ್ತದೆ. ಫಂಗಸ್ ಇದ್ದರೆ ಅಡಗಿ ಕೂತು ಮತ್ತೆ ಬರುತ್ತದೆ.

ಈಗ ಮಗುವನ್ನು ಕಿಟಕಿ ಹತ್ತಿರ ಮಲಗಿಸಿ, ತೊಡೆಸಂದಿ ಬಿಡಿಸಿ ನೋಡಿ. ಉಬ್ಬಿದ ಜಾಗ ಮಾತ್ರ ಕೆಂಪಾಗಿ ಸಂದಿ ಚೆನ್ನಾಗಿದ್ದರೆ ಅದು ಬರೀ ಒದ್ದೆ, ಉಚ್ಚೆ, ಕಕ್ಕ, ಉಜ್ಜಾಟದಿಂದ ಆದದ್ದು. ಸಂದಿಯೊಳಗೇ ಕಡುಕೆಂಪಾಗಿ, ಅಂಚಿನಾಚೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಗುಳ್ಳೆಗಳಿದ್ದರೆ ಫಂಗಸ್ ಇರಬಹುದು. ಆಂಟಿಬಯಾಟಿಕ್ ಆದಮೇಲೆ ಇದು ಜಾಸ್ತಿ. ಹಾಗೇ ಬಾಯಿಯನ್ನೂ ನೋಡಿ. ಕೆನ್ನೆಯ ಒಳಗೆ ಹಾಲಿನ ಕೆನೆ ಥರ ಬಿಳಿ ಕೂತು, ಒರೆಸಿದರೂ ಹೋಗದಿದ್ದರೆ ಅದೂ ಫಂಗಸ್ಸೇ ಇರಬಹುದು, ಹೇಳಿ.

ಪ್ರಶ್ನೆ ಕೇಳಿದವರು: ನೋಡಿದೆ ಮೇಡಂ. ಸಂದಿಯೊಳಗೇ ಕೆಂಪು, ಆಚೆ ಗುಳ್ಳೆ ಇವೆ. ಬಾಯಲ್ಲಿ ಏನೂ ಇಲ್ಲ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್ ಅಂತಲೇ ಇದೆ!

ಉತ್ತರ: ಹಾಗಾದರೆ ಅದನ್ನು ಎತ್ತಿಡಿ. ಫಂಗಸ್‌ಗೆ ಕೊಡುವ ಔಷಧಿ ಕ್ಲೋಟ್ರಿಮಜೋಲ್ ಒಂದೇ ಇರುವ ಕ್ರೀಮ್ ಬೇಕು. ಆದರೆ ನಿಮ್ಮ ಡಾಕ್ಟರಿಗೆ ಒಮ್ಮೆ ಕಣ್ಣಾರೆ ತೋರಿಸಿಯೇ ಶುರು ಮಾಡಿ. ತೆಳ್ಳಗೆ ಆ ಕ್ರೀಮ್ ಹಚ್ಚಿ, ಆರಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮು. ಈ ಮುಲಾಮಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನಮ್ಮೂರ ದೋಸೆ ಮೇಲೆ ಬೆಣ್ಣೆ ಇಡುವ ಹಾಗೆ ದಪ್ಪಗೆ, ಚರ್ಮ ಕಾಣದಂತೆ ಹಚ್ಚಬೇಕು. ಡೈಪರ್ ಬದಲಿಸುವಾಗ ಹೊಲಸಾದಷ್ಟನ್ನೇ ತೆಗೆಯಿರಿ, ಉಳಿದ ಬಿಳಿ ಮುಲಾಮನ್ನು ಕೆರೆದು ತಿಕ್ಕಬೇಡಿ. ತೊಳೆಯಲು ಬೆಚ್ಚನೆ ನೀರು, ಹತ್ತಿ ಸಾಕು. ಹೆಣ್ಣುಮಗು ಅಲ್ವಾ, ಮುಂದಿನಿಂದ ಹಿಂದಕ್ಕೆ ಒರೆಸಿ. ವಾಸನೆ ಇರುವ ವೈಪ್ಸ್ ಈಗ ಬೇಡ, ಉರಿಯುತ್ತದೆ.

ಡೈಪರ್ ತುಂಬಿ ಜೋತು ಬೀಳುವವರೆಗೆ ಕಾಯಬೇಡಿ. 2-3 ಗಂಟೆಗೆ ಒಮ್ಮೆ ಬದಲಿಸಿ, ಕಕ್ಕ ಮಾಡಿದರೆ ತಕ್ಷಣ. ಕಕ್ಕದಲ್ಲಿರುವ ಜೀರ್ಣರಸ ಉಚ್ಚೆ ಜೊತೆ ಸೇರಿದರೆ ಚರ್ಮ ಬೇಗ ಸುಲಿಯುತ್ತದೆ. ದಿನಕ್ಕೆ ಮೂರ್ನಾಲ್ಕು ಸಲ ಹಳೇ ಸೀರೆ ಹಾಸಿ ಬೆತ್ತಲೆ ಮಲಗಿಸಿ. ಸೀರೆ ಒದ್ದೆಯಾದರೆ ಆಗಲಿ ಬಿಡಿ.

ಇನ್ನೊಬ್ಬರು (ಚಿತ್ರದುರ್ಗ): ನಾವು ಡೈಪರ್ ಹಾಕಲ್ಲ, ಬಟ್ಟೆ ಲಂಗೋಟಿ ಮೇಲೆ ಪ್ಲಾಸ್ಟಿಕ್ ಚಡ್ಡಿ. ಆದರೂ ಕೆಂಪಾಗುತ್ತೆ ಯಾಕೆ? ಪೌಡರ್‌ಗೆ ಯಾಕೆ ಬೈತೀರಾ? ನಮಗೆಲ್ಲಾ ಅದನ್ನೇ ಹಾಕಿ ಬೆಳೆಸಿದ್ದು.

ಉತ್ತರ: ನನಗೂ ಅದನ್ನೇ ಹಾಕಿದ್ದರು! ಆದರೂ ಬೇಡ. ಪೌಡರ್ ಕೊಡವಿದಾಗ ಅದರ ಧೂಳು ಮಗುವಿನ ಶ್ವಾಸಕ್ಕೆ ಹೋಗುತ್ತದೆ. ಸಂದಿಯಲ್ಲಿ ಒದ್ದೆಯಾಗಿ ಉಂಡೆ ಕಟ್ಟಿ ಉಜ್ಜುತ್ತದೆ. ಲಂಗೋಟಿ ಒಳ್ಳೆಯದೇ, ತಪ್ಪು ಮೇಲಿನ ಪ್ಲಾಸ್ಟಿಕ್ಕಿನದು. ಒಳಗೆ ಬೆವರು, ಉಚ್ಚೆ ಎರಡೂ ಬೇಯುತ್ತವೆ. ಬೋರ್‌ವೆಲ್ ಗಡಸು ನೀರಾದರೆ ಬಟ್ಟೆಯಲ್ಲಿ ಸೋಪು ಉಳಿಯುತ್ತದೆ, ಇನ್ನೊಂದೆರಡು ಸಲ ಜಾಲಿಸಿ ಬಿಸಿಲಿಗೆ ಹಾಕಿ. ಡೆಟಾಲ್, ಫ್ಯಾಬ್ರಿಕ್ ಕಂಡಿಷನರ್ ಬೇಡ.

ಜ್ವರ, ಕೀವು, ನೀರುಗುಳ್ಳೆ, ರಕ್ತ ಕಂಡರೆ ಅಥವಾ ಮಗು ಹಾಲು ಬಿಟ್ಟರೆ ಕಾಯದೆ ತೋರಿಸಿ. ಇವೇನೂ ಇಲ್ಲದಿದ್ದರೂ 3 ದಿನದಲ್ಲಿ ಕಡಿಮೆ ಆಗದಿದ್ದರೆ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ಮೇಲೆ): ಮೇಡಂ, ಡಾಕ್ಟರಿಗೆ ತೋರಿಸಿದೆವು, ಫಂಗಸ್ಸೇ ಅಂದರು. ಗುಳ್ಳೆ ಒಣಗಿವೆ, ರಾತ್ರಿ ನಿದ್ದೆ ಮಾಡುತ್ತಿದ್ದಾಳೆ. ಕ್ರೀಮ್ ನಿಲ್ಲಿಸಲಾ?

ಉತ್ತರ: ಈಗಲೇ ಬೇಡ. ಡಾಕ್ಟರ್ ಎಷ್ಟು ದಿನ ಹೇಳಿದ್ದಾರೋ ಅಷ್ಟೂ ದಿನ ಹಚ್ಚಿ. ಅತ್ತೆಯವರಿಗೆ ಬೆತ್ತಲೆ ಮಲಗಿಸುವ ಕೆಲಸ ವಹಿಸಿ, ಪೌಡರ್ ಡಬ್ಬಿ ಮರೆತುಹೋಗುತ್ತದೆ.